ದಾವಣಗೆರೆಯಿಂದ ಲೇಹ್: ‘6 ರಾತ್ರಿ 7 ಹಗಲು’ ಪ್ಯಾಕೇಜಿನ ವಿಮರ್ಶೆ

ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ, ಯಾವ ಟ್ರಾವೆಲ್ಸ್ ಆಫೀಸಿನ ಮೆಟ್ಟಿಲು ಹತ್ತಿದರೂ ಲಡಾಖ್ ಪ್ರವಾಸಕ್ಕೆ ಕೈಗೆ ಸಿಗುವುದು ಹೆಚ್ಚುಕಮ್ಮಿ ಒಂದೇ ಹಾಳೆ. ಮೇಲೆ ಪ್ಯಾಂಗಾಂಗ್ ಸರೋವರದ ನೀಲಿ ಚಿತ್ರ, ಕೆಳಗೆ ಎರಡು ಡುಬ್ಬದ ಒಂಟೆ, ಮೂಲೆಯಲ್ಲಿ ‘6 ರಾತ್ರಿ 7 ಹಗಲು, ನಮ್ಮ ಕಡೆ ಊಟ’. ಹಾಳೆ ಒಂದೇ ಆಗಿರುವುದಕ್ಕೆ ಕಾರಣವಿದೆ. ಇಲ್ಲಿನವರು ಟಿಕೆಟ್ ಮಾಡಿಸಿ ದುಡ್ಡು ಕಟ್ಟಿಸಿಕೊಳ್ಳುತ್ತಾರೆ. ಅಲ್ಲಿ ಗಾಡಿ, ರೂಮು, ಟೆಂಟು ನೋಡಿಕೊಳ್ಳುವವರು ಲೇಹ್‌ನ ಏಜೆಂಟರು. ಹಾಗಾಗಿ ಇದು ಒಂದು ಅಂಗಡಿಯ ವಿಮರ್ಶೆಯಲ್ಲ, ಆ ಹಾಳೆಯ ವಿಮರ್ಶೆ.

ಅಂಕ ಮೊದಲೇ ಹೇಳಿಬಿಡುತ್ತೇವೆ. ಲೇಹ್ ಊರಿಗೆ ಐದಕ್ಕೆ ನಾಲ್ಕೂವರೆ. ಹಾಳೆಗೆ ಎರಡೂವರೆ. ಊರು ಕೊಡುವುದನ್ನು ಹಾಳೆ ತೆಗೆದುಕೊಳ್ಳಲು ಬಿಡುವುದಿಲ್ಲ. ಅದು ಲೇಹ್ ಅನ್ನು ಪ್ಯಾಂಗಾಂಗ್‌ಗೆ ಹೋಗುವ ಮುನ್ನ ಮಲಗೆದ್ದು ಹೋಗುವ ಜಾಗ ಅಂತ ಎಣಿಸಿದೆ. ಎಂಟುನೂರು-ಸಾವಿರ ವರ್ಷ ಹಳೆಯ ಚಿತ್ರಗಳಿರುವ ಗುಡಿ, ಬೆಳಗಿನ ಮಂತ್ರ, ಮಣ್ಣಿನ ಅರಮನೆ, ಕಲ್ಲುಹಾಸಿನ ಓಣಿ, ಎಲ್ಲವೂ ‘ದಾರಿಯಲ್ಲಿ ನೋಡಬಹುದು’ ಎಂಬ ಒಂದು ಸಾಲಿನಲ್ಲಿ ಮುಗಿದುಹೋಗಿವೆ.

ಮೊದಲು ಎತ್ತರದ ಲೆಕ್ಕ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಚಿತ್ರದುರ್ಗದ ಜೋಗಿಮಟ್ಟಿಯ ತುದಿ 1,300 ಮೀಟರ್ ಚಿಲ್ಲರೆ. ಲೇಹ್ 3,500 ಮೀಟರ್, ಅಂದರೆ ಹನ್ನೊಂದೂವರೆ ಸಾವಿರ ಅಡಿ. ದೆಹಲಿಯಲ್ಲಿ ವಿಮಾನ ಹತ್ತಿದ ಒಂದೂಕಾಲು ಗಂಟೆಗೆ ಅಲ್ಲಿ ಇಳಿದಿರುತ್ತೀರಿ. ‘ಅಲ್ಲಿ ಆಮ್ಲಜನಕ ಇರಲ್ಲ’ ಅನ್ನುವ ಮಾತು ಸರಿಯಲ್ಲ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲೂ ಶೇ 21. ಕಡಿಮೆಯಾಗುವುದು ಗಾಳಿಯ ಒತ್ತಡ. ಲೇಹ್‌ನಲ್ಲಿ ಅದು ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು, ನುಬ್ರಾಕ್ಕೆ ಹೋಗುವಾಗ ದಾಟುವ ಖಾರ್ದುಂಗ್ ಲಾ ಮೇಲೆ (‘ಲಾ’ ಅಂದರೆ ಬೆಟ್ಟ ದಾಟುವ ಕಣಿವೆದಾರಿ) ಅರ್ಧ. ಪ್ರತಿ ಉಸಿರಿಗೂ ಒಳಗೆ ಹೋಗುವುದು ಅಷ್ಟೇ ಕಡಿಮೆ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ: ಉಸಿರಾಟ ಜೋರಾಗುತ್ತದೆ, ಮೂತ್ರಪಿಂಡ ರಕ್ತದ ಕ್ಷಾರವನ್ನು ಹೊರಹಾಕುತ್ತದೆ. ಆ ಕೆಲಸಕ್ಕೆ ಕನಿಷ್ಠ 48 ಗಂಟೆ ಬೇಕು. ದಿನಾ ಬೆಳಿಗ್ಗೆ ಹೈಸ್ಕೂಲ್ ಮೈದಾನ ಐದು ಸುತ್ತು ಹಾಕುವವರಿಗೂ ಇದರಲ್ಲಿ ರಿಯಾಯಿತಿ ಇಲ್ಲ. ಗಟ್ಟಿಮುಟ್ಟಾಗಿರುವುದಕ್ಕೂ ಎತ್ತರ ಒಗ್ಗುವುದಕ್ಕೂ ಸಂಬಂಧವಿಲ್ಲ. ಅವಸರದಲ್ಲಿ ಓಡಾಡಿ ಮೊದಲು ಬೀಳುವವರು ಎಷ್ಟೋ ಸಲ ಇಂಥ ಹುಡುಗರೇ.

ಈಗ ಹಾಳೆ ನೋಡಿ. ಮೊದಲ ದಿನ ಬೆಳಿಗ್ಗೆ ಲೇಹ್, ‘ಮಧ್ಯಾಹ್ನ ಶಾಂತಿ ಸ್ತೂಪ, ಮಾರುಕಟ್ಟೆ’. ಇದು ಮೊದಲ ತಪ್ಪು. ಊರ ಕಡೆಯಿಂದ ಶಾಂತಿ ಸ್ತೂಪಕ್ಕೆ ಸುಮಾರು 500 ಮೆಟ್ಟಿಲು. ಗಾಡಿ ದಾರಿ ಬೇರೆ ಇದೆ, ಆದರೂ ಗುಂಪಿನಲ್ಲಿ ಯಾರಾದರೂ ಒಬ್ಬರು ‘ಚಿತ್ರದುರ್ಗದ ಕೋಟೆ ಹತ್ತಿದೋರು ನಾವು’ ಅಂತ ಮೆಟ್ಟಿಲಿಗೇ ಕಾಲಿಡುತ್ತಾರೆ. ಮೊದಲ ದಿನ ಮಾಡಬೇಕಾದ ಕೆಲಸ ರೂಮಿನಲ್ಲಿ ಸುಮ್ಮನೆ ವಿಶ್ರಾಂತಿ ಪಡೆಯುವುದು. ಹಗಲು ಗಾಢ ನಿದ್ರೆಯೂ ಬೇಡ, ನಿದ್ರೆಯಲ್ಲಿ ಉಸಿರು ನಿಧಾನವಾಗುತ್ತದೆ. ದಿಂಬಿಗೆ ಒರಗಿ ಕೂತು ಮೂರು ಲೀಟರ್‌ನಷ್ಟು ನೀರನ್ನು ಗುಟುಕು ಗುಟುಕಾಗಿ ಕುಡಿಯುವುದು, ಹಗುರವಾಗಿ ಉಣ್ಣುವುದು, ಅಷ್ಟೇ. ಸಂಜೆ ಮನಸ್ಸಾದರೆ ಹೋಟೆಲಿನ ಮುಂದಿನ ರಸ್ತೆಯಲ್ಲಿ ನೂರು ಹೆಜ್ಜೆ. ಸಿಗರೇಟು, ಎಣ್ಣೆ, ನಿದ್ರೆ ಮಾತ್ರೆ ಮೂರಕ್ಕೂ ಎರಡು ದಿನ ರಜೆ.

ಎರಡನೇ ದಿನದಲ್ಲಿ ಎರಡು ಬಗೆಯ ಹಾಳೆಗಳಿವೆ, ಒಳ್ಳೆಯದನ್ನೂ ಕೆಟ್ಟದ್ದನ್ನೂ ಗುರುತಿಸುವ ಜಾಗ ಇದೇ. ಒಳ್ಳೆಯ ಹಾಳೆ ಎರಡನೇ ದಿನ ನಿಮ್ಮನ್ನು ಲೇಹ್‌ಗಿಂತ ತಗ್ಗಿಗೆ, ಸಿಂಧೂ ನದಿಯ ಗುಂಟ ಪಶ್ಚಿಮಕ್ಕೆ ಕಳಿಸುತ್ತದೆ: ಪತ್ಥರ್ ಸಾಹಿಬ್ ಗುರುದ್ವಾರ, ಮ್ಯಾಗ್ನೆಟಿಕ್ ಹಿಲ್, ನಿಮ್ಮು ಬಳಿ ಸಿಂಧೂ-ಝನ್ಸ್ಕರ್ ಸಂಗಮ. ರಾತ್ರಿ ಮತ್ತೆ ಲೇಹ್. ಮ್ಯಾಗ್ನೆಟಿಕ್ ಹಿಲ್‌ನಲ್ಲಿ ಅಯಸ್ಕಾಂತವೂ ಇಲ್ಲ, ಪವಾಡವೂ ಇಲ್ಲ. ಸುತ್ತಲಿನ ಬೆಟ್ಟಗಳ ಓರೆಯಿಂದ ಇಳಿಜಾರು ಏರಿನಂತೆ ಕಾಣುತ್ತದೆ. ಐದು ನಿಮಿಷ ಸಾಕು. ಕೆಟ್ಟ ಹಾಳೆ ಎರಡನೇ ದಿನವೇ ಖಾರ್ದುಂಗ್ ಲಾ ಹತ್ತಿಸುತ್ತದೆ, ಅಥವಾ ಇನ್ನೂ ಕೆಟ್ಟದಾಗಿ, ನೇರ ಪ್ಯಾಂಗಾಂಗ್‌ಗೆ ಮಲಗಲು ಕರೆದೊಯ್ಯುತ್ತದೆ. ಒಂದು ದಿನ ಉಳಿದರೆ ಒಂದು ದಿನದ ರೂಮು, ಗಾಡಿ ಬಾಡಿಗೆ ಉಳಿಯುತ್ತದೆ. ‘5 ರಾತ್ರಿ’ ಅಂತ ಅಗ್ಗಕ್ಕೆ ಸಿಗುವುದು ಬಹುತೇಕ ಇಂಥದ್ದು. ಬೇರೇನೂ ಓದದಿದ್ದರೂ ಪರವಾಗಿಲ್ಲ, ಎರಡನೇ ರಾತ್ರಿ ಎಲ್ಲಿ ಅಂತ ನೋಡಿ. ಲೇಹ್ ಅಲ್ಲದಿದ್ದರೆ ಹಾಳೆ ವಾಪಸ್ ಕೊಟ್ಟು ಬನ್ನಿ.

ಮಲಗುವ ಎತ್ತರ ಬೇರೆ, ಹಾದುಹೋಗುವ ಎತ್ತರ ಬೇರೆ. ಇದನ್ನು ಟಿಕೆಟ್ ಮಾರುವವರಲ್ಲಿ ವಿವರಿಸಿ ಹೇಳುವವರು ಕಡಿಮೆ. ಖಾರ್ದುಂಗ್ ಲಾ 5,359 ಮೀಟರ್, ಅಂದರೆ 17,582 ಅಡಿ. ಅಲ್ಲಿನ ಹಳೆಯ ಹಳದಿ ಬೋರ್ಡು 18,380 ಅಡಿ ಅಂತ ಜಂಬ ಕೊಚ್ಚುತ್ತಿತ್ತು, ಅಳತೆ ಅದಲ್ಲ. ಅಷ್ಟು ಎತ್ತರಕ್ಕೆ ಹೋದರೂ ಹದಿನೈದಿಪ್ಪತ್ತು ನಿಮಿಷದಲ್ಲಿ ಇಳಿದರೆ ಮೈಗೆ ತೊಂದರೆ ಕಡಿಮೆ. ಇಳಿದು ಮಲಗುವ ನುಬ್ರಾ ಕಣಿವೆಯ ದಿಸ್ಕಿತ್, ಹುಂಡರ್ ಲೇಹ್‌ಗಿಂತ ತಗ್ಗು, ಸುಮಾರು 3,100 ಮೀಟರ್. ಹಾಗಾಗಿ ಮೂರನೇ ರಾತ್ರಿ ನುಬ್ರಾ ಎಂಬುದು ಸರಿಯಾದ ಕ್ರಮ. ಅಲ್ಲಿಂದ ಶ್ಯೋಕ್ ನದಿಯ ದಾರಿಯಲ್ಲಿ ಪ್ಯಾಂಗಾಂಗ್. ಅದು 4,225 ಮೀಟರ್. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಏರಬಾರದು ಅನ್ನುವುದು ಬೆಟ್ಟದ ವೈದ್ಯರ ನಿಯಮ. ಇಲ್ಲಿ ಒಂದೇ ದಿನಕ್ಕೆ ಸಾವಿರ ಮೀಟರ್ ಏರಿದಂತಾಯಿತು. ಲೇಹ್‌ನ ಎರಡು ರಾತ್ರಿಗಳು ಸ್ವಲ್ಪ ಕೈಹಿಡಿಯುತ್ತವೆ, ಪೂರ್ತಿ ಅಲ್ಲ. ಪ್ಯಾಂಗಾಂಗ್ ಟೆಂಟಿನಲ್ಲಿ ಗುಂಪಿನ ಅರ್ಧ ಜನಕ್ಕೆ ನಿದ್ರೆ ಬಾರದಿರುವುದು ಚಳಿಗಲ್ಲ, ಇದಕ್ಕೆ. ನಿದ್ರೆಯಲ್ಲಿ ಕೆಲವು ಕ್ಷಣ ಉಸಿರು ನಿಂತಂತಾಗಿ, ಮತ್ತೆ ಜೋರಾಗಿ ಎಳೆದುಕೊಂಡು ಎಚ್ಚರವಾಗುವುದು ಆ ಎತ್ತರದಲ್ಲಿ ಸಾಮಾನ್ಯ; ಹೆದರಬೇಕಿಲ್ಲ.

ಹೆದರಬೇಕಾದ್ದು ಬೇರೆ. ತಲೆನೋವಿನ ಜೊತೆ ಓಕರಿಕೆ, ಸುಸ್ತು, ತಲೆಸುತ್ತು ಇದ್ದರೆ ಎತ್ತರದ ಕಾಯಿಲೆ ಶುರುವಾಗಿದೆ ಅಂತ ತಿಳಿದು ಅಲ್ಲೇ ನಿಲ್ಲಬೇಕು, ಮೇಲೆ ಹೋಗಬಾರದು. ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ನೊರೆ ಕಫ ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ನೆಟ್ಟಗೆ ಗೆರೆಯ ಮೇಲೆ ನಡೆಯಲಾಗದೆ ತೂರಾಡಿದರೆ, ಮಾತು ತೊದಲಿದರೆ ಮಿದುಳಿಗೆ ಬಾವು. ಈ ಎರಡಕ್ಕೂ ಬೆಳಗಾಗಲಿ ಅಂತ ಕಾಯುವಂತಿಲ್ಲ, ಆಮ್ಲಜನಕ ಹಾಕಿಕೊಂಡು ಕೆಳಗಿಳಿಯಬೇಕು. ಪ್ಯಾಂಗಾಂಗ್‌ನ ಪೇಚು ಇರುವುದೇ ಇಲ್ಲಿ: ಅಲ್ಲಿಂದ ಲೇಹ್‌ಗೆ ‘ಇಳಿಯಲು’ ಮೊದಲು ಹದಿನೇಳೂವರೆ ಸಾವಿರ ಅಡಿ ದಾಟಿದ ಚಾಂಗ್ ಲಾ ಹತ್ತಬೇಕು. ಟಾಂಗ್ಸೆ ಹಳ್ಳಿ ಸರೋವರಕ್ಕಿಂತ ತಗ್ಗಿನಲ್ಲಿದೆ, ಚಾಂಗ್ ಲಾ ಹತ್ತುವ ಮೊದಲೇ ಸಿಗುತ್ತದೆ, ಅಲ್ಲಿ ಆಸ್ಪತ್ರೆಯಿದೆ. ಮೊದಲ ನಿಲ್ದಾಣ ಅದಾಗಲಿ. ಲೇಹ್‌ನಲ್ಲಾದರೆ ಸೋನಂ ನೊರ್ಬೂ ಸ್ಮಾರಕ ಆಸ್ಪತ್ರೆ, ಊರಲ್ಲಿ ಎಸ್ಎನ್ಎಂ ಅಂದರೆ ಯಾವ ಟ್ಯಾಕ್ಸಿಯವನಿಗೂ ಗೊತ್ತು.

‘ಗಾಡಿಯಲ್ಲಿ ಆಕ್ಸಿಜನ್ ಇದೆ’ ಎಂಬ ಭರವಸೆಯನ್ನು ಬಿಡಿಸಿ ಕೇಳಿ. ಹಲವು ಕಡೆ ಇರುವುದು ಬಾಡಿ ಸ್ಪ್ರೇ ಡಬ್ಬದಂಥ ಕ್ಯಾನು. ಅದರಲ್ಲಿ ಹಿಡಿಸುವುದು ಹತ್ತು ಲೀಟರ್ ಆಸುಪಾಸು. ನಿಮಿಷಕ್ಕೆ ಎರಡು ಲೀಟರ್ ಬಿಟ್ಟರೂ ಐದು ನಿಮಿಷಕ್ಕೆ ಖಾಲಿ. ಬೇಕಾದ್ದು ರೆಗ್ಯುಲೇಟರ್, ಮಾಸ್ಕ್ ಇರುವ ಆಸ್ಪತ್ರೆಯ ಸಿಲಿಂಡರು, ಅದನ್ನು ತಿರುಗಿಸಲು ಗೊತ್ತಿರುವ ಡ್ರೈವರು. ಊರಿಂದ ಕ್ಯಾನು ಕೊಂಡು ಹೋಗುವ ಯೋಚನೆ ಬೇಡ, ವಿಮಾನದಲ್ಲಿ ಬಿಡುವುದಿಲ್ಲ. ಕರ್ಪೂರವನ್ನೂ ಬಿಡುವುದಿಲ್ಲ. ಕರ್ಪೂರ ಮೂಸಿದರೆ ಆಮ್ಲಜನಕ ಏರುತ್ತದೆ ಅನ್ನುವುದು ವಾಟ್ಸ್ಆಪ್ ವೈದ್ಯ; ಮೂಗು ತಂಪಾಗುತ್ತದೆ, ರಕ್ತಕ್ಕೆ ಏನೂ ಸೇರುವುದಿಲ್ಲ. ಬೆರಳಿಗೆ ಹಾಕುವ ಆಕ್ಸಿಮೀಟರ್ ಒಯ್ಯಿರಿ, ಆದರೆ ಲೇಹ್‌ನಲ್ಲಿ ಮೊದಲೆರಡು ದಿನ 85ರಿಂದ 90 ತೋರಿಸಿದರೆ ಗಾಬರಿ ಬೇಡ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಹಚ್ಚಿದ್ದರೆ ಇನ್ನೂ ಕಡಿಮೆ ತೋರಿಸುತ್ತದೆ. ಅಂಕಿಗಿಂತ ಮನುಷ್ಯ ಹೇಗಿದ್ದಾನೆ ನೋಡಿ.

ಡೈಮಾಕ್ಸ್ ಮಾತ್ರೆ, ಅಂದರೆ ಅಸಿಟಜೋಲಮೈಡ್, ಒಗ್ಗುವ ಕೆಲಸವನ್ನು ಚುರುಕು ಮಾಡುತ್ತದೆ. ರೂಢಿಯ ಪ್ರಮಾಣ 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಏರುವ ಹಿಂದಿನ ದಿನದಿಂದ. ಇದನ್ನು ಗುಂಪಿಗೆಲ್ಲ ಮಿಠಾಯಿಯಂತೆ ಹಂಚುವ ಟೂರ್ ಮ್ಯಾನೇಜರ್‌ಗಳಿದ್ದಾರೆ, ಅದು ತಪ್ಪು. ಸಲ್ಫಾ ಔಷಧ ಆಗದವರು, ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಬೆರಳು ಜುಮ್ಮೆನ್ನುವುದು, ಪದೇ ಪದೇ ಮೂತ್ರಕ್ಕೆ ಹೋಗುವುದು ಇದರ ಸಹಜ ಗುಣ. ಅದಕ್ಕೆ ಹೆದರಿ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ, ದಾರಿಯಲ್ಲಿ ಶೌಚಾಲಯ ಅಪರೂಪವಾದ್ದರಿಂದ. ಅಲ್ಲಿಂದ ತಲೆನೋವು ಶುರು. ಹೊರಡುವ ಮುನ್ನ ‘ದಾರಿಯಲ್ಲಿ ಎಲ್ಲೆಲ್ಲಿ ಶೌಚಾಲಯಕ್ಕೆ ನಿಲ್ಲಿಸ್ತೀರಿ?’ ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಹೃದಯದ ಕಾಯಿಲೆ, ಹತೋಟಿಗೆ ಬಾರದ ಬಿಪಿ, ದಮ್ಮು ಇದ್ದವರು ಮುಂಗಡ ಕಟ್ಟುವ ಮೊದಲೇ ಡಾಕ್ಟರ ಹತ್ತಿರ ಹೋಗಲಿ. ಗರ್ಭಿಣಿಯರಿಗೆ ಈ ಪ್ರವಾಸ ಬೇಡ. ಇನ್ಸುಲಿನ್ ಒಯ್ಯುವವರು ಅದನ್ನು ರಾತ್ರಿ ಮೈಗೆ ಹತ್ತಿರ ಇಟ್ಟುಕೊಳ್ಳಬೇಕು, ಹೆಪ್ಪುಗಟ್ಟಿದರೆ ಕೆಲಸಕ್ಕೆ ಬರುವುದಿಲ್ಲ.

ದಾವಣಗೆರೆಯಿಂದ ಹೊರಡುವ ರೀತಿಯಲ್ಲೇ ಅರ್ಧ ಕಾಯಿಲೆ ಇದೆ. ಹಾಳೆಯ ಪ್ರಕಾರ ಮಧ್ಯಾಹ್ನ ಬಸ್ಸಿನಲ್ಲಿ ಬೆಂಗಳೂರು, ರಾತ್ರಿ ವಿಮಾನದಲ್ಲಿ ದೆಹಲಿ, ಅಲ್ಲಿ ಕುರ್ಚಿಯ ಮೇಲೆ ತೂಕಡಿಸಿ ಮುಂಜಾನೆ ಲೇಹ್. ಲೇಹ್‌ಗೆ ವಿಮಾನಗಳು ಬೆಳಗಿನ ಹೊತ್ತೇ ಹೆಚ್ಚು: ಮಧ್ಯಾಹ್ನವಾದರೆ ಕಣಿವೆಯಲ್ಲಿ ಗಾಳಿ ಏಳುತ್ತದೆ, ಮೊದಲೇ ತೆಳುವಾದ ಗಾಳಿ ಬಿಸಿಲಿಗೆ ಇನ್ನಷ್ಟು ತೆಳುವಾಗಿ ವಿಮಾನಕ್ಕೆ ಎತ್ತುವ ಬಲ ಸಾಲುವುದಿಲ್ಲ. ಹೀಗೆ ಇಡೀ ರಾತ್ರಿ ನಿದ್ರೆಗೆಟ್ಟು ಇಳಿದವರ ತಲೆನೋವು ನಿದ್ರೆಯದೋ ಎತ್ತರದ್ದೋ ಅಂತ ಯಾರಿಗೂ ಹೇಳಲಾಗುವುದಿಲ್ಲ. ದೆಹಲಿಯಲ್ಲಿ ಒಂದು ರಾತ್ರಿ ಮಲಗುವ ಖರ್ಚು ಇಡೀ ಪ್ರವಾಸದಲ್ಲಿ ಸಾರ್ಥಕವಾಗುವ ಖರ್ಚು. ಬೆಂಗಳೂರು ವಿಮಾನ ನಿಲ್ದಾಣಕ್ಕೆ ಸ್ವಂತ ಗಾಡಿಯಲ್ಲಿ ಹೋಗುವವರು ತುಮಕೂರು ದಾಟಿ ಡಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೋದರೆ ನೆಲಮಂಗಲ, ಹೆಬ್ಬಾಳದ ಟ್ರಾಫಿಕ್ಕಿಗೆ ಸಿಗುವುದಿಲ್ಲ. ಟಿಕೆಟ್ ಬೆಂಗಳೂರಿನಿಂದ ಲೇಹ್‌ವರೆಗೂ ಒಂದೇ ಪಿಎನ್ಆರ್‌ನಲ್ಲಿ ಇರಲಿ. ವಾಪಸ್ ಬರುವಾಗ ಇದರ ಬೆಲೆ ತಿಳಿಯುತ್ತದೆ. ಹವೆ ಕೆಟ್ಟು ಲೇಹ್ ವಿಮಾನ ರದ್ದಾದರೆ, ಬೇರೆ ಬೇರೆ ಟಿಕೆಟ್ ಇದ್ದವರ ದೆಹಲಿ-ಬೆಂಗಳೂರು ದುಡ್ಡು ನೀರಿಗೆ. ಸೋಮವಾರ ಡ್ಯೂಟಿಗೆ ಹಾಜರಾಗಲೇಬೇಕಾದವರು ಭಾನುವಾರದ ಲೇಹ್ ವಿಮಾನ ನಂಬಬಾರದು.

ರಸ್ತೆಯಲ್ಲಿ ಹೋಗುವುದಾದರೆ ಶ್ರೀನಗರದ ದಾರಿಗೆ ನಮ್ಮ ಓಟು. ಸುಮಾರು 420 ಕಿಲೋಮೀಟರ್, ಕಾರ್ಗಿಲ್‌ನಲ್ಲಿ 2,676 ಮೀಟರ್ ಎತ್ತರದಲ್ಲಿ ರಾತ್ರಿ ನಿಲ್ಲಬಹುದು, ಮರುದಿನ ಲಾಮಾಯೂರು, ಆಲ್ಚಿ ಮಠಗಳು ದಾರಿಯಲ್ಲೇ ಸಿಗುತ್ತವೆ. ಮನಾಲಿ ದಾರಿ ನೋಡಲು ಭವ್ಯ, ಅಟಲ್ ಸುರಂಗ 2020ರಲ್ಲಿ ಆದ ಮೇಲೆ ಚುರುಕೂ ಆಗಿದೆ. ಆದರೆ 2,050 ಮೀಟರ್ ಮನಾಲಿಯಿಂದ ಹೊರಟು ಸರ್ಚುವಿನಲ್ಲಿ, 4,200 ಮೀಟರ್ ಮೇಲೆ ಟೆಂಟಿನಲ್ಲಿ ಮಲಗಿಸುವ ಹಾಳೆಗೆ ಸಹಿ ಹಾಕಬೇಡಿ. ಅದಕ್ಕಿಂತ ತಗ್ಗಿನ ಜಿಸ್ಪಾದಲ್ಲಿ ಮಲಗಿಸಿದರೆ ಸರಿ.

ಈಗ ಹಾಳೆ ಕಡೆಗಣಿಸಿದ ಭಾಗ. ಐದನೇ ದಿನ ಪ್ಯಾಂಗಾಂಗ್‌ನಿಂದ ಐದಾರು ಗಂಟೆ ಕುಲುಕಾಡಿ ಬರುವಾಗ ‘ದಾರಿಯಲ್ಲಿ ಥಿಕ್ಸೆ ಮಠ, ಶೇ ಅರಮನೆ’ ಅಂತ ಬರೆದಿರುತ್ತದೆ. ಆ ಹೊತ್ತಿಗೆ ಗಾಡಿಯಲ್ಲಿ ಅರ್ಧ ಜನಕ್ಕೆ ವಾಂತಿ, ಉಳಿದವರಿಗೆ ನಿದ್ರೆ. ಮೂವರು ಇಳಿದು ಫೋಟೋ ತೆಗೆದುಕೊಂಡು ಬರುತ್ತಾರೆ. ಥಿಕ್ಸೆ ಲೇಹ್‌ನಿಂದ ಬರೀ 19 ಕಿಲೋಮೀಟರ್. ಗುಡ್ಡದ ಮೇಲಿಂದ ಬುಡದವರೆಗೆ ಹನ್ನೆರಡು ಅಂತಸ್ತಾಗಿ ಇಳಿದು ಬಂದಿರುವ ಆ ಮಠಕ್ಕೆ ಹೋಗಬೇಕಾದ್ದು ಬೆಳಿಗ್ಗೆ ಆರಕ್ಕೆ. ಚಾವಣಿಯ ಮೇಲೆ ಇಬ್ಬರು ಎಳೆಯ ಭಿಕ್ಷುಗಳು ಆಳುದ್ದದ ಕಹಳೆ ಊದುತ್ತಾರೆ, ಆಮೇಲೆ ಒಳಗೆ ಸಾಲಾಗಿ ಕೂತು ಮಂತ್ರ, ನಡುವೆ ಬೆಣ್ಣೆ ಚಹಾ. ಗೋಡೆ ಬದಿಗೆ ಕೂತರೆ ಯಾರೂ ಏಳಿಸುವುದಿಲ್ಲ. ಪಕ್ಕದ ಗುಡಿಯಲ್ಲಿ ಎರಡು ಅಂತಸ್ತು ತುಂಬಿ ನಿಂತಿರುವ, ಸುಮಾರು 15 ಮೀಟರ್ ಎತ್ತರದ ಮೈತ್ರೇಯ. ಇನ್ನು ಬರಬೇಕಾದ ಬುದ್ಧ ಅವನು. ದಲೈ ಲಾಮಾ 1970ರಲ್ಲಿ ಬಂದುದರ ನೆನಪಿಗೆ ಮಾಡಿಸಿದ್ದು. ಮೇಲಿನ ಬಾಗಿಲಿಂದ ಒಳಗೆ ಹೋದರೆ ಎದುರಾಗುವುದು ಎದೆಯೂ ಮುಖವೂ ಮಾತ್ರ; ಮೂರ್ತಿಯ ಗಾತ್ರ ತಿಳಿಯುವುದು ಕಟಕಟೆಯಿಂದ ಕೆಳಗೆ ಬಗ್ಗಿ ನೋಡಿದಾಗ. ಊಟದ ಹೊತ್ತಿಗೆ ಗುಡಿಗಳಿಗೆ ಬೀಗ ಬೀಳುತ್ತದೆ, ಅದಕ್ಕೇ ಮಧ್ಯಾಹ್ನ ಒಂದರ ಆಸುಪಾಸು ತಲುಪಿದ ಪ್ಯಾಕೇಜ್ ಗುಂಪುಗಳು ಬಾಗಿಲು ನೋಡಿ ವಾಪಸಾಗುತ್ತವೆ.

ಆಲ್ಚಿ ಹಾಳೆಯಲ್ಲಿ ಇರುವುದೇ ಇಲ್ಲ, ಇದ್ದರೂ ಸಂಗಮದ ಮುಂದೆ ಅಲ್ಪವಿರಾಮ ಹಾಕಿ ತುರುಕಿರುತ್ತಾರೆ. ಲೇಹ್‌ನಿಂದ ಎಪ್ಪತ್ತು ಕಿಲೋಮೀಟರ್ ಒಳಗೆ, ಗುಡ್ಡದ ಮೇಲಲ್ಲದೆ ಸಿಂಧೂ ದಂಡೆಯ ಸಮತಟ್ಟಿನಲ್ಲಿ, ಹೊರಗಿನಿಂದ ಹಳೆಯ ಕಣಜದಂತೆ ಕಾಣುವ ಗುಡಿಗಳು. ಒಳಗೆ ಕಾಶ್ಮೀರದ ಕೈಚಳಕದ ಭಿತ್ತಿಚಿತ್ರಗಳು, ಎಂಟುನೂರು-ಸಾವಿರ ವರ್ಷ ಹಳೆಯವು. ಕಾಶ್ಮೀರದಲ್ಲೇ ಆ ಕಾಲದ ಬೌದ್ಧ ಚಿತ್ರಕಲೆ ಉಳಿದಿಲ್ಲ, ಇಲ್ಲಿ ಉಳಿದಿದೆ. ಸುಮ್‌ತ್ಸೆಕ್ ಎಂಬ ಮೂರಂತಸ್ತಿನ ಗುಡಿಯಲ್ಲಿ ನಿಂತ ಬೋಧಿಸತ್ವನ ಧೋತ್ರದ ತುಂಬ ಅರಮನೆ, ಗುಡಿ, ಯಾತ್ರಿಕರ ಚಿಕ್ಕ ಚಿಕ್ಕ ಚಿತ್ರಗಳಿವೆ. ಒಳಗೆ ಕ್ಯಾಮೆರಾ ನಿಷಿದ್ಧ, ಬೆಳಕು ಕಡಿಮೆ. ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಕೊಡಬೇಕು. ಫೋಟೋ ಸಿಗದ ಜಾಗ ಅಂತಲೇ ಹಾಳೆಯವರಿಗೆ ಇದು ಬೇಡವಾಯಿತೇನೋ.

ಲೇಹ್ ಅರಮನೆಯನ್ನು ದುರ್ಗದ ಕಣ್ಣಿನಿಂದ ನೋಡಿದರೆ ಮಜಾ ಬೇರೆ. 17ನೇ ಶತಮಾನದಲ್ಲಿ ಸೆಂಗ್ಗೆ ನಾಮ್ಗ್ಯಾಲ್ ಮುಗಿಸಿದ ಒಂಬತ್ತು ಅಂತಸ್ತು, ಕಲ್ಲು ಬುಡಕ್ಕೆ ಮಾತ್ರ. ಮೇಲೆಲ್ಲ ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆ, ಪಾಪ್ಲರ್ ಮರದ ತೊಲೆ, ಮಣ್ಣಿನ ಮಾಳಿಗೆ. ನಮ್ಮ ಏಳು ಸುತ್ತಿನ ಕೋಟೆಯ ಬಂಡೆಗೆ ಮಳೆ ಲೆಕ್ಕಕ್ಕಿಲ್ಲ. ಇದು ನಿಂತಿರುವುದೇ ಮಳೆ ಬಾರದ ಭರವಸೆಯ ಮೇಲೆ. ಲೇಹ್‌ನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 100 ಮಿಲಿಮೀಟರ್, ನಮ್ಮ ಚಳ್ಳಕೆರೆಯೂ ಅದರ ಮುಂದೆ ಮಲೆನಾಡು. 2010ರ ಆಗಸ್ಟ್‌ನಲ್ಲಿ ಮೋಡ ಒಡೆದು ಸುರಿದಾಗ ಮಣ್ಣಿನ ಮನೆಗಳು ಕೊಚ್ಚಿಹೋದದ್ದೂ ಅದಕ್ಕೇ. ಅರಮನೆಯ ಒಳಗೆ ಮೆಟ್ಟಿಲು ಕಡಿದು, ಬಾಗಿಲು ಗಿಡ್ಡ, ತಲೆ ಜೋಪಾನ. ಮೂರನೇ ದಿನಕ್ಕಿಂತ ಮೊದಲು ಹತ್ತುವುದು ಬೇಡ.

ಮಠಗಳಲ್ಲಿ ನಡೆದುಕೊಳ್ಳುವುದು ನಮ್ಮವರಿಗೆ ಹೊಸದಲ್ಲ: ಚಪ್ಪಲಿ ಹೊರಗೆ, ಟೋಪಿ ಕೈಯಲ್ಲಿ, ಪ್ರದಕ್ಷಿಣೆ ಬಲಕ್ಕೇ. ಪ್ರಾರ್ಥನಾ ಚಕ್ರವೂ ಅದೇ ದಿಕ್ಕಿಗೆ. ದಾರಿಯಲ್ಲಿ ಅಕ್ಷರ ಕೆತ್ತಿದ ಕಲ್ಲಿನ ಮಣಿ ಗೋಡೆ ಸಿಕ್ಕರೆ ಅದು ನಿಮ್ಮ ಬಲಕ್ಕೆ ಬರುವಂತೆ ಹಾದುಹೋಗಬೇಕು, ಆ ಕಲ್ಲನ್ನು ‘ನೆನಪಿಗೆ’ ಅಂತ ಎತ್ತಿಕೊಂಡು ಬರಬಾರದು. ಹರಕೆಯ ಹಾಗೆ ಅಲ್ಲಿಟ್ಟ ಕಲ್ಲುಗಳವು. ಪ್ರವೇಶಕ್ಕೆ ಮಠಕ್ಕೆ ತಕ್ಕಂತೆ 30ರಿಂದ 100 ರೂಪಾಯಿ, ಚಿಲ್ಲರೆ ಇರಲಿ. ಹೆಮಿಸ್ ಮಠದ ಹಬ್ಬ ನೋಡಬೇಕೆನ್ನುವವರು ಟಿಬೆಟನ್ ಪಂಚಾಂಗದ ಐದನೇ ತಿಂಗಳ ದಶಮಿ ಯಾವಾಗ ಅಂತ ಮೊದಲೇ ವಿಚಾರಿಸಬೇಕು, ಜೂನ್ ಅಥವಾ ಜುಲೈನಲ್ಲಿ ಬರುತ್ತದೆ. ಆ ವಾರ ರೂಮಿಗೆ ಬಲು ಬೇಡಿಕೆ.

ಒಂದು ಪಕ್ಕದ ಮಾತು. ಬೌದ್ಧ ಪರಂಪರೆ ನೋಡಲು ವಿಮಾನ ಹತ್ತುವವರು ಅದಕ್ಕೆ ಮುಂಚೆ ಒಂದು ಭಾನುವಾರ ಮೊಳಕಾಲ್ಮೂರು ತಾಲ್ಲೂಕಿಗೆ ಹೋಗಿಬರಲಿ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಅಂದರೆ ಅಧಿಕಾರಿಗಳಿಗೆ, ಬಂದ ಆಜ್ಞೆ. ಅಶೋಕ ತಾನು ಬೌದ್ಧ ಉಪಾಸಕನಾದದ್ದು, ಸಂಘಕ್ಕೆ ಹತ್ತಿರವಾದದ್ದು ಅದರಲ್ಲೇ ಇದೆ. ಬ್ರಾಹ್ಮಿಯಲ್ಲಿ ಎಲ್ಲ ಬರೆದ ಲಿಪಿಕಾರ ಚಪಡ ಕೊನೆಗೆ ‘ಲಿಪಿಕರೇಣ’ ಎಂಬ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದ. ಅದು ಗಾಂಧಾರದ ಕಡೆಯ ಲಿಪಿ. ಸಿಂಧೂ ನದಿಯ ಸೀಮೆಯಿಂದ ಒಬ್ಬ ಬರಹಗಾರ ನಮ್ಮ ಬಯಲುಸೀಮೆಗೆ ಬಂದಿದ್ದನೆಂದು ಇದರಿಂದಲೇ ಊಹಿಸುತ್ತಾರೆ. ದಾವಣಗೆರೆಯ ಅಶೋಕ ರಸ್ತೆಯಲ್ಲಿ ದಿನಾ ಓಡಾಡುವವರಿಗೆ ಇದು ಸ್ವಲ್ಪ ದೂರದ ದಾರಿಯೇ ಸರಿ.

ಊಟಕ್ಕೆ ಬರೋಣ. ‘ನಮ್ಮ ಕಡೆ ಊಟ’ ಎಂಬ ಸಾಲು ನಿಜ ಮಾಡುವ ಪ್ಯಾಕೇಜುಗಳು ಅಡುಗೆ ಭಟ್ಟರನ್ನೇ ಜೊತೆಗೆ ಕರೆದೊಯ್ಯುತ್ತವೆ. ಈ ಬಾಬತ್ತಿಗೆ ಪೂರ್ತಿ ಅಂಕ. ಲೇಹ್‌ನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಅನ್ನ ಅರೆಬೆಂದೇ ಉಳಿಯುತ್ತದೆ, ಬೇಳೆಯಂತೂ ಬೇಗ ಬೇಯುವುದೇ ಇಲ್ಲ. ಕುಕ್ಕರ್ ಇದ್ದರೂ ಒಳಗಿನ ಉಷ್ಣತೆ ಊರಿನಷ್ಟು ಏರದು, ಎರಡು ಸೀಟಿ ಹೆಚ್ಚು ಕೂಗಿಸಬೇಕು. ಇದು ಗೊತ್ತಿರುವ ಭಟ್ಟರಿದ್ದಾರೆಯೇ ಅಂತ ಕೇಳಿ. ದೋಸೆ ಹೆಂಚಿಗೆ ಎತ್ತರದ ಹಂಗಿಲ್ಲ, ಆದರೆ ಚಳಿಗೆ ಹಿಟ್ಟು ಹುಳಿ ಬರುವುದಿಲ್ಲ. ಬೆಣ್ಣೆ ದೋಸೆ ಕೊಡ್ತೀವಿ ಅಂದವರ ಮಾತನ್ನು ನಕ್ಕು ಬಿಟ್ಟುಬಿಡಿ.

ಆದರೆ ಏಳೂ ದಿನ ಅನ್ನ ಸಾರೇ ಉಂಡು ಬರುವುದೂ ನಷ್ಟವೇ. ಅಲ್ಲಿಯ ಸಾಂಪಾ ಅಂದರೆ ಹುರಿದು ಬೀಸಿದ ಜವೆ ಹಿಟ್ಟು, ನಮ್ಮ ಹುರಿಟ್ಟಿನ ಖಾಸಾ ತಮ್ಮ. ಖಂಬೀರ್ ಎಂಬ ದಪ್ಪ ರೊಟ್ಟಿಯನ್ನು ಬೆಣ್ಣೆ, ಜರ್ದಾಳು (ಏಪ್ರಿಕಾಟ್) ಜಾಮಿನ ಜೊತೆ ಬೆಳಿಗ್ಗೆ ತಿನ್ನಿ. ತರಕಾರಿ ಥುಕ್ಪಾ, ಅಂದರೆ ನೂಡಲ್ಸ್ ಸಾರು, ಎತ್ತರಕ್ಕೆ ಹೇಳಿಮಾಡಿಸಿದ್ದು: ಬಿಸಿ, ನೀರು, ಉಪ್ಪು, ಹಿಟ್ಟು ಎಲ್ಲ ಒಂದೇ ಬಟ್ಟಲಲ್ಲಿ. ಗುರ್‌ಗುರ್ ಚಹಾ, ಅಂದರೆ ಬೆಣ್ಣೆ ಉಪ್ಪಿನ ಚಹಾ, ಚಹಾ ಅಂದುಕೊಂಡು ಕುಡಿದರೆ ಮುಖ ಕಿವುಚುತ್ತೀರಿ. ಸಾರು ಅಂದುಕೊಂಡರೆ ಎರಡನೇ ಬಟ್ಟಲು ಕೇಳುತ್ತೀರಿ. ಬೆಣ್ಣೆ ನಗರಿಯವರಾಗಿ ಅಷ್ಟಾದರೂ ಮಾಡಬೇಕು.

ಊರಿಂದ ಒಯ್ಯುವ ಬುತ್ತಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ ಚೆನ್ನಾಗಿ ತಡೆಯುತ್ತವೆ. ಚಟ್ನಿಪುಡಿ, ಉಪ್ಪಿನಕಾಯಿ ಎರಡೂ ಲಗೇಜಿನಲ್ಲಿರಲಿ, ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ತೆಗೆದಿಡಬಹುದು. ಸೀಲ್ ಮಾಡಿದ ಖಾರ ಮಂಡಕ್ಕಿ ಪ್ಯಾಕೆಟ್ಟು ಲೇಹ್ ತಲುಪುವ ಹೊತ್ತಿಗೆ ಬಲೂನಿನಂತೆ ಉಬ್ಬಿರುತ್ತದೆ, ಖಾರ್ದುಂಗ್ ಲಾದಲ್ಲಿ ಒಡೆದು ಸೂಟ್‌ಕೇಸ್ ತುಂಬ ಮಂಡಕ್ಕಿ. ಸೂಜಿಯಲ್ಲಿ ಒಂದು ತೂತು ಹಾಕಿ, ಗಾಳಿ ಹಿಂಡಿ ತೆಗೆದು ಟೇಪ್ ಹಚ್ಚಿಬಿಡಿ. ಶ್ಯಾಂಪೂ, ಪೇಸ್ಟಿಗೂ ಇದೇ ಗತಿ.

ಗಾಡಿ. ಹನ್ನೆರಡು ಸೀಟಿನ ಟೆಂಪೊ ಟ್ರಾವೆಲರ್‌ನ ಕೊನೆಯ ಸಾಲು ಆ ರಸ್ತೆಗಳಲ್ಲಿ ಶಿಕ್ಷೆ. ಅಲ್ಲಿ ಕೂತವರ ವಾಂತಿ ಎತ್ತರದ್ದೋ ಕುಲುಕಾಟದ್ದೋ ಗೊತ್ತಾಗುವುದಿಲ್ಲ. ದಿನಕ್ಕೊಂದು ಸಾಲು ಬದಲಿಸುವ ಒಪ್ಪಂದ ಮೊದಲೇ ಆಗಲಿ. ಲೇಹ್‌ನ ಟ್ಯಾಕ್ಸಿ ಯೂನಿಯನ್ ಪ್ರತಿ ದಾರಿಗೂ ದರ ನಿಗದಿ ಮಾಡಿ ಅಚ್ಚು ಹಾಕಿಸಿರುತ್ತದೆ. ಪ್ಯಾಕೇಜ್ ಬೆಲೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ನಿಮ್ಮ ಏಜೆಂಟರ ಕಮಿಷನ್ ಎಷ್ಟು ಅಂತ ಬೆರಳೆಣಿಕೆಯಲ್ಲಿ ತಿಳಿಯುತ್ತದೆ. ಹೊರ ರಾಜ್ಯದ ಬಾಡಿಗೆ ಗಾಡಿಯಲ್ಲಿ ಅಲ್ಲಿ ಸುತ್ತಾಡಲು ಯೂನಿಯನ್‌ನವರು ಬಿಡುವುದಿಲ್ಲ. ನುಬ್ರಾದಿಂದ ಶ್ಯೋಕ್ ದಾರಿಯಲ್ಲಿ ಪ್ಯಾಂಗಾಂಗ್‌ಗೆ ಹೊರಡುವ ದಿನ ಬೆಳಿಗ್ಗೆ ಬೇಗ ಏಳಲೇಬೇಕು. ಬಿಸಿಲೇರಿದಂತೆ ಹಿಮ ಕರಗಿ ಹಳ್ಳಗಳು ರಸ್ತೆ ಮೇಲೆ ಹರಿಯುತ್ತವೆ, ಒಂಬತ್ತಕ್ಕೆ ಪಾದ ಮುಳುಗುತ್ತಿದ್ದ ಜಾಗದಲ್ಲಿ ಮೂರಕ್ಕೆ ಗಾಡಿ ಸಿಕ್ಕಿಬೀಳುತ್ತದೆ.

ರಜೆಯ ಲೆಕ್ಕದಲ್ಲಿ ನಮ್ಮವರಿಗೆ ಒಂದು ತೊಡಕಿದೆ. ಶಾಲೆಗೆ ರಜೆ ಏಪ್ರಿಲ್-ಮೇ ಮತ್ತು ದಸರೆಗೆ. ಲೇಹ್‌ಗೆ ಒಳ್ಳೆಯ ಕಾಲ ಜೂನ್‌ನಿಂದ ಸೆಪ್ಟೆಂಬರ್. ಏಪ್ರಿಲ್‌ನಲ್ಲಿ ಜರ್ದಾಳು ಗಿಡಗಳು ಹೂಬಿಟ್ಟಿರುತ್ತವೆ, ಆದರೆ ಹಿಮ ಬಿದ್ದು ಖಾರ್ದುಂಗ್ ಲಾ ಯಾವಾಗ ಬೇಕಾದರೂ ಮುಚ್ಚಬಹುದು. ದಸರೆ ಹೊತ್ತಿಗೆ ಪಾಪ್ಲರ್ ಮರಗಳೆಲ್ಲ ಹಳದಿ, ಆಕಾಶ ನಿರ್ಮಲ, ಜನ ಕಡಿಮೆ. ರಾತ್ರಿ ಸೊನ್ನೆಗಿಂತ ಕೆಳಗೆ, ಪ್ಯಾಂಗಾಂಗ್ ಟೆಂಟುಗಳು ಕಂತೆ ಕಟ್ಟುತ್ತಿರುತ್ತವೆ. ಮಠಗಳನ್ನೇ ನೋಡಲು ಹೋಗುವವರಿಗೆ ನಮ್ಮ ಆಯ್ಕೆ ದಸರೆ.

ಹಾಗಾದರೆ ಹಾಳೆಯನ್ನು ಹೇಗೆ ತಿದ್ದಿಸುವುದು? ಎರಡು ರಾತ್ರಿ ಹೆಚ್ಚಿಸಲು ಆಗುವುದಾದರೆ: ಲೇಹ್ ಮೂರು ರಾತ್ರಿ, ನುಬ್ರಾ ಎರಡು, ಪ್ಯಾಂಗಾಂಗ್ ಒಂದು, ಮತ್ತೆ ಲೇಹ್ ಎರಡು. ಮೂರನೇ ದಿನ ಆಲ್ಚಿಗೆ, ಕೊನೆಯ ಪೂರ್ತಿ ದಿನ ಮುಂಜಾನೆ ಥಿಕ್ಸೆಗೆ. ನುಬ್ರಾದ ಎರಡನೇ ದಿನ 1971ರಲ್ಲಿ ಭಾರತಕ್ಕೆ ಸೇರಿದ ಬಾಲ್ಟಿ ಹಳ್ಳಿ ತುರ್ತುಕ್‌ಗೆ ಹೋಗಬಹುದು. ರಾತ್ರಿ ಹೆಚ್ಚಿಸಲು ಆಗದೇ ಆರೇ ಉಳಿದರೆ, ಬಿಡಬೇಕಾದ್ದು ಪ್ಯಾಂಗಾಂಗ್. ಈ ಮಾತಿಗೆ ಮನೆಯಲ್ಲಿ ಜಗಳವಾಗುತ್ತದೆ, ಗೊತ್ತು. ಆದರೂ ಒಂದು ಸಂಜೆಯ ನೀಲಿ ನೀರಿಗಾಗಿ ಎರಡು ಹಗಲು ಗಾಡಿಯಲ್ಲೂ ಒಂದು ರಾತ್ರಿ ತಲೆನೋವಿನಲ್ಲೂ ಕಳೆಯುವ ಬದಲು ಆ ಮೂರನ್ನೂ ಲೇಹ್ ಸುತ್ತ ಖರ್ಚು ಮಾಡುವುದು ಲಾಭದ ವ್ಯವಹಾರ. ಮುಂಗಡ ಕೊಡುವಾಗ ತಿದ್ದಿದ ಹಾಳೆಯ ಮೇಲೇ ಸಹಿ ಹಾಕಿಸಿಕೊಳ್ಳಿ, ಬಾಯಿಮಾತು ಲೇಹ್‌ನ ಏಜೆಂಟರಿಗೆ ತಲುಪುವುದಿಲ್ಲ. ಒಬ್ಬರಿಗೆ ಮೈ ಸರಿ ಇಲ್ಲದೆ ಲೇಹ್‌ನಲ್ಲೇ ಉಳಿಯಬೇಕಾದರೆ ಅವರ ರೂಮಿನ ಖರ್ಚು ಯಾರದು ಎಂಬುದೂ ಅದರಲ್ಲಿ ಬರಲಿ. ಇದನ್ನು ಬರೆಯದ ಪ್ಯಾಕೇಜಿನಲ್ಲಿ ಕಾಯಿಲೆಯವರನ್ನೂ ಗಾಡಿಗೆ ಹತ್ತಿಸಿಕೊಂಡೇ ಹೋಗುತ್ತಾರೆ.

ಪಶ್ಮೀನಾ ಶಾಲು ಕೊಳ್ಳುವವರಿಗೆ: ಅಂಚಿನಿಂದ ಒಂದು ಎಳೆ ಕೇಳಿ ಪಡೆದು ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ನೈಲಾನ್ ಕರಗಿ ಗುಂಡಾಗುತ್ತದೆ. ಕುರಿ ಉಣ್ಣೆಯನ್ನೂ ಪಶ್ಮೀನಾ ಅಂತ ಮಾರುವವರಿದ್ದಾರೆ, ಅದನ್ನು ಹಿಡಿಯಲು ಈ ಪರೀಕ್ಷೆ ಸಾಲದು. ಲಡಾಖ್‌ನ ಚಾಂಗ್‌ತಾಂಗ್ ಬಯಲಿನ ಮೇಕೆಯ ಅಸಲಿ ಶಾಲು ಅಗ್ಗಕ್ಕೆ ಸಿಗುವ ವಸ್ತುವೇ ಅಲ್ಲ. ಗಟ್ಟಿ ಬೆಚ್ಚನೆಯ ಹೊದಿಕೆಯಷ್ಟೇ ಬೇಕಿದ್ದರೆ ಚಳ್ಳಕೆರೆಯ ಕಂಬಳಿ ಮನೆ ಬಾಗಿಲಲ್ಲೇ ಇದೆ.

ಫೋನು ಪ್ರೀಪೇಯ್ಡ್ ಆಗಿದ್ದರೆ ಲೇಹ್‌ನಲ್ಲಿ ಇಳಿದ ಕ್ಷಣದಿಂದ ಸತ್ತುಹೋಗುತ್ತದೆ, ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯದು. ಮನೆಗೊಂದಾದರೂ ಪೋಸ್ಟ್‌ಪೇಯ್ಡ್ ಇರಲಿ. ಬದಲಾಯಿಸುವುದಾದರೆ ಹೊರಡುವ ಎರಡು ವಾರ ಮೊದಲೇ ಮಾಡಿಸಿ. ಪೇಟೆಯಲ್ಲಿ ಯುಪಿಐ ನಡೆಯುತ್ತದೆ, ನುಬ್ರಾ-ಪ್ಯಾಂಗಾಂಗ್ ಕಡೆಗೆ ನಗದು ಬೇಕು. ಆಧಾರ್ ಪ್ರತಿ ಐದಾರು ಇಟ್ಟುಕೊಳ್ಳಿ, ಚೆಕ್‌ಪೋಸ್ಟ್‌ಗಳಲ್ಲಿ ಕೇಳುತ್ತಾರೆ.